ಬಸವನ ಪುಸ್ತಕದಲ್ಲಿಲ್ಲದ ಮನೆ

ಹತ್ತಿರ ಬಂದು ಕೂತು ಕೇಳಿ ಮಕ್ಕಳೇ. ಕಗ್ಗಲ್ಲು ಎಂಬ ಸೀಮೆಯಲ್ಲಿ ಒಬ್ಬ ರಾಜನಿದ್ದ. ಅವನ ಹತ್ತಿರ ಮಾತು ಬಲ್ಲ ಕೋಲೆ ಬಸವನಿದ್ದ. ದಾರಿ ಹಿಡಿದು ಮನೆಯಿಂದ ಮನೆಗೆ ಹೋಗುವುದು, ಬಾಗಿಲಿನ ಹಲಗೆ ಓದುವುದು, ಯಾರು ಯಾವ ಕೆಲಸ ಬಲ್ಲರೆಂದು ಅರಮನೆಯ ಪುಸ್ತಕಕ್ಕೆ ಬರೆಸುವುದು, ಇಷ್ಟೇ ಬಸವನ ಕೆಲಸ. ಕುಂಬಾರ ಬೇಕೆ, ಪುಸ್ತಕ ನೋಡು. ಸೂಲಗಿತ್ತಿ ಬೇಕೆ, ಪುಸ್ತಕ ನೋಡು. ಪುಸ್ತಕದಲ್ಲಿ ಇಲ್ಲದವರು ಊರಲ್ಲೇ ಇಲ್ಲ ಎಂದು ಜನ ನಂಬಿದ್ದರು. ಈಗ ನೀವು ಮೊಬೈಲನ್ನು ನಂಬುವುದಿಲ್ಲವೇ, ಹಾಗೆ.

ಒಂದು ದಿನ ರಾಜನ ಮಗಳು ಪದ್ಮಾಂಬೆ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡಳು. ಪುಸ್ತಕ ತೆಗೆದರು. ಮೂಳೆ ಕೂಡಿಸುವವರಲ್ಲಿ ಇದ್ದದ್ದು ಒಂದೇ ಹೆಸರು, ಚನ್ನವೀರ. ಅವನು ಬಂದು ಬಿಗಿಯಾಗಿ ಕಟ್ಟು ಹಾಕಿದ. ಮೊದಲ ದಿನ ಕಾಲು ಊದಿತು. ಎರಡನೇ ದಿನ ಕಂದಿತು. ಮೂರನೇ ದಿನ ಹುಡುಗಿ ಅಳುವುದನ್ನೂ ಬಿಟ್ಟಳು.

ಆಗ ದಾಸಿಯೊಬ್ಬಳು, ನನ್ನಪ್ಪನ ಮುರಿದ ತೊಡೆ ಕೂಡಿಸಿದ್ದು ಹುಣಸೆತೋಪಿನ ಕೊಟ್ರವ್ವ, ಅವಳನ್ನೇಕೆ ಕರೆಸಲಿಲ್ಲ ಎಂದು ಕೇಳಿದಳು. ರಾಜ ಪುಸ್ತಕವನ್ನು ತಿರುವಿಹಾಕಿದ. ನಲವತ್ತು ವರ್ಷ ಊರಿನ ಮೂಳೆ ಕೂಡಿಸಿದ ಮುದುಕಿಯ ಹೆಸರು ಒಂದು ಸಾಲಿನಲ್ಲೂ ಇಲ್ಲ. ರಾಜ ದಂಗಾದ. ಕೊಟ್ರವ್ವನಿಗೆ ಪಲ್ಲಕ್ಕಿ ಕಳಿಸಿ, ಬಸವನನ್ನು ಎದುರಿಗೆ ನಿಲ್ಲಿಸಿಕೊಂಡ.

ಬಸವ ತಲೆ ತಗ್ಗಿಸಿ ಹೇಳಿದ: "ಮೂರು ಸಲ ಹೋಗಿದ್ದೆ ಬುದ್ಧೀ. ಮೊದಲ ಸಲ ದಾರಿಗೆ ಜಾಲಿಮುಳ್ಳು ಹಾಕಿತ್ತು, ತಿರುಗಿ ಬಂದೆ. ಎರಡನೇ ಸಲ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಅಮ್ಮ ಆಗಿ ಸಿಡುಬು ಎದ್ದಿರೋ ಮನೆಗೆ ಯಾರು ಕಾಲಿಡ್ತಾರೆ? ಮೂರನೇ ಸಲ ದೂರದಿಂದಲೇ ಹಲಗೆ ಓದಿದೆ. ಅದೇ ಮಾತನ್ನ ಚನ್ನವೀರನ ಹಲಗೇಲಿ ಆಗಲೇ ಓದಿದ್ದೆ. ಒಂದನ್ನೇ ಎರಡು ಸಲ ಯಾಕೆ ಬರೆಸಲಿ ಅಂತ ಬಿಟ್ಟೆ."

ಕೊಟ್ರವ್ವ ಬಂದವಳೇ ಯಾರ ಮುಖವನ್ನೂ ನೋಡಲಿಲ್ಲ. ಮೊದಲು ಕಟ್ಟು ಬಿಚ್ಚಿದಳು, ಮೂಳೆ ಕೂಡಿಸಿದಳು, ಆಮೇಲೆ ಬಾಯಿ ತೆರೆದಳು.

"ನಮ್ಮನೇಲಿ ಯಾರಿಗೂ ಅಮ್ಮ ಆಗಿಲ್ಲ ಸ್ವಾಮಿ. ಶುಕ್ರವಾರ ಶುಕ್ರವಾರ ಯಾರೋ ಹೊಸ ಸೊಪ್ಪು ಕಟ್ಟಿ ಹೋಗೋರು. ದೇವರ ಸೊಪ್ಪನ್ನ ನಾನು ಹೆಂಗೆ ಬಿಚ್ಚಲಿ?"

ಸಭೆಗೆ ಸಭೆಯೇ ಬೆಚ್ಚಿತು. ದೇವರ ಹೆಸರಲ್ಲಿ ಇಂಥ ಕೆಲಸವೇ? ಅಲ್ಲೇ ನಿಂತಿದ್ದ ಚನ್ನವೀರನೋ, ಸೊಪ್ಪಿನ ಸುದ್ದಿ ನನಗೆ ಗೊತ್ತಿಲ್ಲ, ಹಲಗೆಯ ಮಾತಂತೂ ನನ್ನದೇ, ಕದ್ದವಳು ಈ ಮುದುಕಿ ಎಂದುಬಿಟ್ಟ.

ಕೊಟ್ರವ್ವ ಸಿಟ್ಟಾಗಲಿಲ್ಲ. ಹಾಗಾದರೆ ಹಲಗೆಯ ಕೊನೆಯ ಸಾಲು ಹೇಳಲಿ ಎಂದಳು. ಮಾತು ಕದಿಯುತ್ತಿದ್ದಾರೆಂದು ಗೊತ್ತಾದ ಮೇಲೆ ಅವಳು ಬೇಕೆಂದೇ ಸೇರಿಸಿದ್ದ ಸಾಲು ಅದು. ಚನ್ನವೀರ ಎದೆಯುಬ್ಬಿಸಿ ಒಂದೇ ಉಸಿರಿಗೆ ಒಪ್ಪಿಸಿದ: "ಎಳೆಮಕ್ಕಳ ಕೈ ಉಳುಕಿದರೆ ನನ್ನ ಸೊಸೆಗೆ ತೋರಿಸಿ."

"ಸರಿ, ಕರೆಸು ನಿನ್ನ ಸೊಸೆಯನ್ನ" ಎಂದ ರಾಜ.

ಚನ್ನವೀರನಿಗೆ ಮದುವೆಯೇ ಆಗಿರಲಿಲ್ಲ. ಮುಳ್ಳು ಹಾಕಿದ್ದು, ಬೇವು ಕಟ್ಟಿದ್ದು, ಎಲ್ಲ ಬಾಯಿಬಿಟ್ಟ. ಸೀಮೆಯ ದಾರಿಗಳ ಮುಳ್ಳನ್ನೆಲ್ಲ ಬರಿಗೈಲಿ ತೆಗೆಯಲು ರಾಜ ಅವನನ್ನು ಅಟ್ಟಿದ.

ಪದ್ಮಾಂಬೆ ಮೂರನೇ ತಿಂಗಳಿಗೆ ನಡೆದಳು. ಆದರೆ ಹಾಳಾದ ಮೂರು ದಿನ ತಿರುಗಿ ಬರಲಿಲ್ಲ. ಅವಳು ಬದುಕಿರುವವರೆಗೂ ಒಂದು ಕಾಲು ಕುಂಟಿತು.

ನೀತಿ ಏನಪ್ಪಾ ಅಂದರೆ, ಅಂತರ್ಜಾಲದಲ್ಲಿ ನೀವು ಬರೆದಿಡುವ ಪುಟವೂ ಕೊಟ್ರವ್ವನ ಮನೆಯೇ, ಪುಟಗಳನ್ನು ಓದಿ ಪಟ್ಟಿ ಮಾಡುವ ಹುಡುಕುಯಂತ್ರವೇ ಬಸವ. ಅದಕ್ಕೊಂದು ದಾರಿ ಇರಲಿ. ಬರಬೇಡ ಎನ್ನುವ ಗುರುತು ಬಾಗಿಲಲ್ಲಿ ಉಳಿದಿದೆಯೇ ನೋಡಿಕೊಳ್ಳಿ. ಮಾತು ನಿಮ್ಮದೇ ಆಗಿರಲಿ, ಕದ್ದ ಮಾತು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತದೆ. ಇನ್ನು ಹುಡುಕುವವರೇ, ಪಟ್ಟಿಯಲ್ಲಿ ಹೆಸರಿಲ್ಲವೆಂದು ಮನುಷ್ಯರೇ ಇಲ್ಲ ಅಂದುಕೊಳ್ಳಬೇಡಿ.