ಅರಮನೆ ಮಡುವಿನ ಬಿಳಿಮೀನು

ಕೇತರಸನಿಗೆ ಪಟ್ಟವಾದ ಹನ್ನೊಂದನೆಯ ವರ್ಷ, ಮುಂಗಾರಿಗೆ ಒಂದು ತಿಂಗಳು ಮೊದಲು, ರಾಜಧಾನಿಯಲ್ಲಿ ಡಂಗುರ ಹೊಡೆದರು.

"ಕೇಳ್ರಪ್ಪೋ ಕೇಳಿ! ಅರಮನೆ ಮಡುವಿನ ಬಿಳಿಮೀನುಗಳು ಅಳಿಯುತ್ತಿವೆ. ರಾಜಕುಮಾರಿ ಬಾಚಲದೇವಿಯವರು ಮೂರು ಒಗಟು ಕೇಳುತ್ತಾರೆ. ಕೊನೆಯದನ್ನು ಬಿಡಿಸಿದವನು ಕೇಳಿದ್ದು ಕೊಡಲಾಗುವುದು. ತಪ್ಪಿದವನಿಗೆ ಮರಣದಂಡನೆ. ಮೂರು ದಿನದೊಳಗೆ ಯಾರೂ ಬಿಡಿಸದಿದ್ದರೆ ಮೀನು ಕದ್ದವರು ಅಂಬಿಗರೇ ಎಂದು ತಿಳಿದು ಅವರ ಕೇರಿ ಎಬ್ಬಿಸಲಾಗುವುದು!"

ಆ ಮೀನುಗಳೆಂದರೆ ಅರಸನಿಗೆ ಪ್ರಾಣ. ಮೊದಲು ಮಳೆಗಾಲ ಬಂದರೆ ಅವು ಮಡು ಬಿಟ್ಟು ಹೋಗುತ್ತಿದ್ದವು. ಅವು ಸದಾ ಕಣ್ಣೆದುರಿಗೇ ಇರಲೆಂದು ಐದು ವರ್ಷದ ಹಿಂದೆ ಮಡುವಿನ ಮೇಲ್ಗಡೆ ಹೊಳೆಗೆ ಅಡ್ಡಲಾಗಿ ಕಲ್ಲಿನ ಗೋಡೆ ಕಟ್ಟಿಸಿದ್ದ.

ಮೊದಲ ದಿನ ದಂಡನಾಯಕ ಗೊಗ್ಗಿ ಮೀಸೆ ತಿರುವುತ್ತಾ ಬಂದ.

"ಮಳೆ ಹಿಡಿದರೆ ಊರೆಲ್ಲ ಮನೆ ಸೇರುತ್ತದೆ. ಅದೊಂದು ಮಾತ್ರ ಮನೆ ಬಿಟ್ಟು ಬೆಟ್ಟ ಹತ್ತುತ್ತದೆ. ಅದಕ್ಕೆ ಕಾಲಿಲ್ಲ. ಏನದು?" ಎಂದಳು ಬಾಚಲದೇವಿ.

"ಇದೂ ಒಂದು ಒಗಟೇ? ಮಂಜು!"

"ಮಂಜಿಗೆ ಮನೆ ಎಲ್ಲಿದೆ, ನಾಯಕರೇ?"

ಒಗಟಿನ ತೀರ್ಮಾನವಾದ ಮೇಲೆ ದಂಡನೆ ಎಂದು ಗೊಗ್ಗಿಯನ್ನು ಸೆರೆಗೆ ಒಯ್ದರು.

ಎರಡನೆಯ ದಿನ ಆಸ್ಥಾನ ಪಂಡಿತ ವಾಮನಯ್ಯ ಎದ್ದ. ಮೊದಲನೆಯದಕ್ಕೆ "ಬಿಳಿಮೀನು" ಎಂದ. ಸರಿಯಾಗಿತ್ತು. ಬಾಚಲದೇವಿ ಎರಡನೆಯದನ್ನು ಕೇಳಿದಳು: "ಹೊಳೆ ಮೇಲೆ ಹೋದರೆ ಎರಡು ಹಳ್ಳ, ಎಡದ್ದು, ಬಲದ್ದು. ನೀರು ಕೆಂಪು, ಕಣ್ಣಿಗೆ ಏನೂ ಕಾಣದು. ದಾರಿ ಹೇಳುವವರಿಲ್ಲ. ಆದರೂ ಅದು ತಾನು ಹುಟ್ಟಿದ ಹಳ್ಳಕ್ಕೇ ಹೋಗುತ್ತದೆ. ಅದರ ದಾರಿ ಯಾವುದರಲ್ಲಿ ಬರೆದಿದೆ?"

"ನಕ್ಷತ್ರಗಳಲ್ಲಿ, ಅಮ್ಮಣ್ಣಿ."

"ಮಳೆಗಾಲದಲ್ಲಿ ನಕ್ಷತ್ರವೇ?"

 ಪಂಡಿತನನ್ನೂ ಸೆರೆಗೆ ಒಯ್ದರು.

ಮೂರನೆಯ ದಿನ ಮಧ್ಯಾಹ್ನದವರೆಗೆ ಯಾರೂ ಬರಲಿಲ್ಲ. ಅಂಬಿಗರ ಕೇರಿಯಲ್ಲಿ ಹೆಂಗಸರು ಪಾತ್ರೆ ಪಗಡ ಕಟ್ಟತೊಡಗಿದ್ದರು. ಆಗ ಅಲ್ಲಿ ಬಲೆ ಹೆಣೆಯುವ ಜಕ್ಕ ಎಂಬ ಯುವಕ ಸಭೆಗೆ ಬಂದ. ಹೆಗಲ ಮೇಲೆ ಗಂಟುಗಂಟಾದ ಒಂದು ಹುರಿ.

"ನೇಣು ತಾನೇ ತಂದಿದಾನೆ, ನನಗೆ ಕೆಲಸ ಕಡಿಮೆ" ಎಂದ ನೇಣು ಹಾಕುವ ತಳವಾರ ಮುದ್ದ. ಸಭೆ ನಕ್ಕಿತು.

"ಎರಡನೆಯ ಒಗಟಿನ ದಾರಿ ವಾಸನೆಯಲ್ಲಿದೆ, ಅಮ್ಮಣ್ಣಿ" ಎಂದ ಜಕ್ಕ.

"ನಿನಗೆ ಮೀನು ಬಂದು ಹೇಳಿತೇ?"

"ಇಲ್ಲ. ಗೋಡೆ ಕಟ್ಟುವ ಮೊದಲು ಎಡಹಳ್ಳದಲ್ಲಿ ಅರವತ್ತು ಮೀನು ಹಿಡಿದು, ರೆಕ್ಕೆಗೆ ಕೆಂಪು ದಾರ ಕಟ್ಟಿ ಬಿಟ್ಟೆ. ಮರುವರ್ಷ ನಲವತ್ತೊಂದು ಎಡಹಳ್ಳಕ್ಕೇ ಬಂದವು. ಬಲಹಳ್ಳದಲ್ಲಿ ಒಂದೂ ಸಿಗಲಿಲ್ಲ. ಒಂದು ಮೀನಿಗೆ ಒಂದು ಗಂಟು, ಈ ಹುರಿಯಲ್ಲಿದೆ. ಆಮೇಲೆ ಉದ್ದನೆಯ ಮರದ ತೊಟ್ಟಿಯಲ್ಲಿ ಎಡಹಳ್ಳದ ಒಂದು ಮೀನು ಬಿಟ್ಟು, ಎರಡು ತುದಿಯಲ್ಲಿ ಎರಡು ಹಳ್ಳದ ನೀರು ಸುರಿದೆ. ಹತ್ತು ಸಲವೂ ಎಡಹಳ್ಳದ ನೀರಿನ ಕಡೆಗೇ ತಿರುಗಿತು. ಅದರ ಮೂಗಿಗೆ ಮೇಣ ಮೆತ್ತಿ ಬಿಟ್ಟೆ. ಆಗ ಎತ್ತ ಬೇಕಾದರತ್ತ ಹೋಯಿತು."

ಸಭೆಯ ನಗು ನಿಂತಿತು. ಬಾಚಲದೇವಿ ಮುಂದಕ್ಕೆ ಬಾಗಿದಳು.

"ಮೂರನೆಯದು. ಯಾರೂ ಹೊರಗೆ ಹೋಗಲಿಲ್ಲ. ಯಾರೂ ಒಳಗೆ ಬಂದು ಹಿಡಿಯಲಿಲ್ಲ. ಮನೆಯಲ್ಲೇ ಇದ್ದವರು ಐದು ವರ್ಷದಲ್ಲಿ ಮುಗಿಯುತ್ತಾ ಬಂದರು. ಕೊಂದವರು ಯಾರು?"

ಜಕ್ಕ ಅರಸನ ಕಡೆ ನೋಡಿದ. 

"ತಮ್ಮ ಗೋಡೆ, ಬುದ್ಧಿ."

ಕೇತರಸ ಎದ್ದು ನಿಂತ. "ಅವುಗಳನ್ನು ಉಳಿಸಿಕೊಳ್ಳಲು ಕಟ್ಟಿಸಿದ್ದು ಅದು!"

"ಮಡು ಅವು ಉಣ್ಣುವ ಮನೆ. ಮೊಟ್ಟೆ ಇಡುವುದು ಹಳ್ಳದ ಜಲ್ಲಿಯಲ್ಲಿ. ಗೋಡೆಯ ಬುಡದಲ್ಲಿ ಸತ್ತು ತೇಲಿದ ಮೀನುಗಳ ಮೂತಿ ಜಜ್ಜಿಹೋಗಿತ್ತು. ಐದು ವರ್ಷದಿಂದ ಒಂದು ಮರಿಯನ್ನೂ ನಾನು ಕಂಡಿಲ್ಲ. ಈಗ ಮಡುವಿನಲ್ಲಿರುವುದು ಇಪ್ಪತ್ತಮೂರು, ಎಲ್ಲ ಮುದಿ ಮೀನು."

ಅರಸನ ಕೈ ಕತ್ತಿಯ ಹಿಡಿಯ ಮೇಲಿತ್ತು. "ಬಾಚಲೆ, ಉತ್ತರ ಸರಿಯೇ?"

"ನನಗೂ ಗೊತ್ತಿಲ್ಲ, ಅಪ್ಪಾಜಿ. ಗೊತ್ತಿರುವವರು ಬೇಕೆಂದೇ ಕೇಳಿದೆ."



"ಹಾಗಾದರೆ ಪರೀಕ್ಷೆ ಮಾಡಿ" ಎಂದ ಜಕ್ಕ. "ಗೋಡೆಯಲ್ಲಿ ನಾಲ್ಕು ಮಾರು ಅಗಲದ ಕಂಡಿ ಕೊರೆಸಿ. ಮುಂಗಾರು ಹಿಡಿದ ನಲವತ್ತು ದಿನದೊಳಗೆ ಮೀನು ಹತ್ತದಿದ್ದರೆ ನನ್ನ ತಲೆ, ನಮ್ಮ ಕೇರಿ, ಎರಡೂ ತಮ್ಮದು."

ಅರಸ ಒಪ್ಪಿದ. ಕಂಡಿ ಕೊರೆದರು. ಜಕ್ಕನ ಕಾಲಿಗೆ ಸರಪಳಿ ಹಾಕಿ ಅದರ ಪಕ್ಕದಲ್ಲೇ ಕೂರಿಸಿದರು. ಕಾವಲಿಗೆ ತಳವಾರ ಮುದ್ದ.

ಮಳೆ ಬಂತು. ಹತ್ತು ದಿನ, ಇಪ್ಪತ್ತು ದಿನ. ಒಂದೂ ಹತ್ತಲಿಲ್ಲ. ಮೂವತ್ತನೆಯ ದಿನ ಅರಸ ಬಂದು ನೋಡಿ ಹೋದ.

"ಲೋ ಜಕ್ಕ, ಮೀನಿಗೆ ಮರೆತುಹೋಯ್ತೇನೋ?" ಎಂದ ಮುದ್ದ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಮೇಲೆ ಬೆಟ್ಟದಲ್ಲಿ ಇನ್ನೂ ಹಳ್ಳ ತುಂಬುವಷ್ಟು ಮಳೆಯಾಗಿಲ್ಲ ಕಣಣ್ಣ. ಹಳ್ಳದ ನೀರು ಇಲ್ಲಿಗೆ ಮುಟ್ಟಿಲ್ಲ." ಹೇಳಿದವನು ಬಗ್ಗಿ ಮತ್ತೆ ಹೊಳೆ ನೀರಿನ ಬಣ್ಣ ನೋಡಿದ.

ಮೂವತ್ತೆಂಟನೆಯ ದಿನ ಬೆಳಿಗ್ಗೆ ಹೊಳೆ ಕೆಂಪಾಯಿತು. ಮಧ್ಯಾಹ್ನ ಕಂಡಿಯ ನೊರೆಯಲ್ಲಿ ಒಂದು ಬೆನ್ನು ಹೊರಳಿತು. ಅದರ ಹಿಂದೆ ಇನ್ನೊಂದು.

"ಹತ್ತಿತು! ಹತ್ತಿತಲ್ಲೋ!" ಮುದ್ದ ಅರಮನೆಗೆ ಓಡಿದ. ಸಂಜೆಯೊಳಗೆ ಹತ್ತೊಂಬತ್ತು ಮೀನು ಹತ್ತಿದವು. ಅರಸ ನೆನೆಯುತ್ತಾ ನಿಂತು ನೋಡಿದ.

"ಕೇಳು, ಏನು ಬೇಕು?" ಎಂದ.

"ಕಂಡಿ ಮುಚ್ಚಬಾರದು. ಕೇರಿ ಇದ್ದಲ್ಲೇ ಇರಬೇಕು. ಸೆರೆಯಲ್ಲಿರುವ ಇಬ್ಬರನ್ನೂ ಬಿಡಬೇಕು, ಬುದ್ಧಿ."

"ನಿನಗೆ?"

"ಎಣಿಸುವ ಕೆಲಸ."

ಅರಸ ತಾನೇ ಬಗ್ಗಿ ಸರಪಳಿ ಬಿಡಿಸಿದ. ಜಕ್ಕನನ್ನು ಹೊಳೆಯ ಅಧಿಕಾರಿಯಾಗಿ ಮಾಡಿ, ಕಂಡಿಯ ಪಕ್ಕದಲ್ಲೇ ಮನೆ ಕಟ್ಟಿಸಿಕೊಟ್ಟ.

ಮಳೆಗಾಲ ಕಳೆದ ಮೇಲೆ ಕಂಡಿಯಿಂದ ಮಡುವಿಗೆ ಇಳಿದ ಮರಿಗಳು ಜಕ್ಕನ ಎಣಿಕೆಯಲ್ಲಿ ಎರಡು ಸಾವಿರದ ನೂರ ಆರು.