ಭೂಷಣನ ಪರದೇಶದ ಲೆಕ್ಕ

ವಿಮಾನ ಹಾರಿಸುವುದನ್ನು ಕಲಿಸುವ ಕೆಲಸ ಬಿಟ್ಟು ಪದ್ಮರಾಜ ಮೇಷ್ಟ್ರು ಕಪಿಲೆಯ ದಂಡೆಗೆ ಬಂದು ಕೂತು ಒಂಬತ್ತು ವರ್ಷವಾಗಿತ್ತು. ಅವರು ಬಿಟ್ಟರೂ ಶಿಷ್ಯರು ಅವರನ್ನು ಬಿಟ್ಟಿರಲಿಲ್ಲ. ಯಾರಿಗೆ ತಲೆ ಕೆಟ್ಟರೂ ಹುಡುಕಿಕೊಂಡು ಬರುತ್ತಿದ್ದರು.

ಆ ಬೆಳಿಗ್ಗೆ ಬಂದವನು ಭೂಷಣ. ಈಗವನು ದೊಡ್ಡ ವಿಮಾನದ ಪೈಲಟ್. ಮೇಷ್ಟ್ರ ಮುಂದೆ ಮಾತ್ರ ಇವತ್ತಿಗೂ ಕಾಲು ಜೋಡಿಸಿಯೇ ನಿಲ್ಲುತ್ತಿದ್ದ.

"ಪರದೇಶದ ಕಂಪನಿಯಿಂದ ಕೆಲಸಕ್ಕೆ ಕರೆ ಬಂದಿದೆ ಸರ್. ಮೂರು ವರ್ಷದ ಒಪ್ಪಂದ. ನಾಳೆ ಸಹಿ ಹಾಕ್ಬೇಕು."

"ಸಂಬಳ?"

"ಇಲ್ಲಿಯದರ ಮೂರರಷ್ಟು."

"ದೂರದ ಬೆಟ್ಟ ನುಣ್ಣಗೆ ಕಣಯ್ಯ," ಅಂದರು ಮೇಷ್ಟ್ರು.

"ಅದಕ್ಕೇ ಲೆಕ್ಕ ಹಾಕಿದ್ದೀನಿ ಸರ್," ಎಂದು ಭೂಷಣ ಜೇಬಿನಿಂದ ಹಾಳೆ ತೆಗೆದ.

ಎರಡು ತಿಂಗಳು ಕೂತು, ಅಳೆದು ಸುರಿದು ಬರೆದದ್ದು. ಅಲ್ಲಿನ ಸರ್ಕಾರ ಹಿಡಿಯುವ ತೆರಿಗೆ, ಮನೆ ಬಾಡಿಗೆ, ವಿಮೆ, ಬಸ್ಸಿನ ಪಾಸು, ತೊಗರಿಬೇಳೆಯ ರೇಟು. ಪುಣ್ಯಾತ್ಮ ಕ್ಷೌರದ ಖರ್ಚನ್ನೂ ಬಿಟ್ಟಿರಲಿಲ್ಲ.

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಓದಿದರು. "ಮೂರರಲ್ಲಿ ಒಂದು ಪಾಲು ತೆರಿಗೆಗೇ ಹೋಯ್ತಲ್ಲೋ."

"ಹೌದು ಸರ್. ಬಾಡಿಗೆ, ಊಟ ಎಲ್ಲ ಕಳೆದರೂ ಇಲ್ಲಿಗಿಂತ ಹೆಚ್ಚೇ ಉಳಿಯತ್ತೆ."

"ಬಾಡಿಗೆ ಒಂದೇ ರೂಮಿಂದು."

ಭೂಷಣ ನೆಲ ನೋಡಿದ. "ಶೈಲಾ, ಮಗು ಇಲ್ಲೇ ಇರ್ತಾರೆ ಸರ್. ಮೂವರೂ ಹೋದ್ರೆ ದೊಡ್ಡ ಮನೆ, ಸ್ಕೂಲ್ ಫೀಸು ಅಂತ ಸರಿಗೆ ಸರಿಯಾಗತ್ತೆ, ಏನೂ ಉಳಿಯಲ್ಲ. ವರ್ಷಕ್ಕೆರಡು ಸಲ ನಾನೇ ಬಂದು ಹೋಗ್ತೀನಿ."

"ಶೈಲಾ ಏನಂತಾಳೆ?"

"ನಿಮ್ಮಿಷ್ಟ ಅಂದ್ಲು."

"ಮಗು?"

"ಅದಕ್ಕೇನು ಗೊತ್ತಾಗತ್ತೆ ಸರ್, ಆರು ವರ್ಷ."

ಮೇಷ್ಟ್ರು ಎದ್ದು ಹೋಗಿ ಜಗಲಿಯ ಮೂಲೆಯಲ್ಲಿದ್ದ ಗೋಣಿಚೀಲ ಸರಿಸಿದರು. ಕೆಳಗೆ ಅಕ್ಕಿ ಮೂಟೆ ತೂಗುವ ಹಳೇ ಕಬ್ಬಿಣದ ಯಂತ್ರ.

ಅದನ್ನು ಕಂಡದ್ದೇ ಭೂಷಣ ಹತ್ತಿರ ಹೋಗಿ ಕೈಯಿಂದ ಸವರಿದ. ಅವನು ಹಾರಾಟ ಕಲಿತ ಮೈದಾನದಲ್ಲಿ, ಶೆಡ್ಡಿನ ಬಾಗಿಲಲ್ಲೇ ಇದು ಇರುತ್ತಿತ್ತು. ರೆಕ್ಕೆಯ ಮೇಲೆ ಇಬ್ಬನಿ, ಗಾಳಿಯಲ್ಲಿ ಪೆಟ್ರೋಲಿನ ವಾಸನೆ, ಕೆಟಲಿನಲ್ಲಿ ಶುಂಠಿ ಚಹಾ. ಪುಟ್ಟ ವಿಮಾನ ಹತ್ತುವ ಮುಂಚೆ ಪ್ರತಿಸಲವೂ ಪ್ರತಿಯೊಬ್ಬನೂ ಇದರ ಮೇಲೆ ನಿಲ್ಲಲೇಬೇಕು. ಹತ್ತಿ ನಿಲ್ಲದೆ ನಿನ್ನೆಯ ತೂಕವನ್ನೇ ಹೇಳಿದವನಿಗೆ ಅಂದು ಹಾರಾಟವಿಲ್ಲ. ಆ ದಿನಗಳು ಎಷ್ಟು ಚೆನ್ನಾಗಿದ್ದವು ಎಂದು ಅವನಿಗೆ ಅಳುವೇ ಬಂದಂತಾಯಿತು.

"ಹತ್ತು," ಅಂದರು ಮೇಷ್ಟ್ರು.

ಚಪ್ಪಲಿ ಬಿಟ್ಟು ಹತ್ತಿದ.

"ಎಂಬತ್ತೆರಡು. ನನ್ನ ಹತ್ರ ಬಂದಾಗ ಐವತ್ತಾರಿದ್ದೆ. ಈಗ ನಿನ್ನ ಹತ್ತಿಸಿಕೊಂಡ್ರೆ ಆ ಬಡಪಾಯಿ ವಿಮಾನ ಏಳೋದೇ ಇಲ್ಲ."

ಇಬ್ಬರೂ ನಕ್ಕರು. ನಗು ಮುಗಿಯುವ ಮೊದಲೇ ಮೇಷ್ಟ್ರು ಕೇಳಿದರು, "ಮಗಳ ತೂಕ ಎಷ್ಟು?"

"ಹದಿನಾರು ಸರ್."

"ಬಾಯಿಮಾತಿನ ತೂಕ ನಾನು ಯಾವತ್ತು ಒಪ್ಪಿದ್ದೀನಿ? ಫೋನ್ ಮಾಡಿ ಕೇಳು."

ಭೂಷಣ ಮನೆಗೆ ಫೋನ್ ಹಚ್ಚಿದ. ಮೇಷ್ಟ್ರಿಗೂ ಕೇಳಲೆಂದು ಸ್ಪೀಕರ್ ಹಾಕಿದ. ಎತ್ತಿದವಳು ಮಗಳೇ.

"ಮಿಂಚೂ, ನಿನ್ನ ತೂಕ ಹದಿನಾರಲ್ವೇನಮ್ಮ?"

"ಅಯ್ಯೋ ಅಪ್ಪ, ಅದು ಯುಕೆಜಿಲಿದ್ದಾಗ. ಈಗ ಹತ್ತೊಂಬತ್ತು. ಸ್ಕೂಲಲ್ಲಿ ಮಿಸ್ ನೋಡಿ ಬರ್ಕೊಂಡ್ರು. ನಿಂಗೆ ಅವತ್ತೇ ಹೇಳಿದ್ನಲ್ಲ."

ಭೂಷಣ ಫೋನಿಟ್ಟ. ಯಂತ್ರದ ಮೇಲಿಂದ ಇಳಿಯುವುದನ್ನೂ ಮರೆತು ಹಾಗೇ ನಿಂತಿದ್ದ.

ಮೇಷ್ಟ್ರು ಹಾಳೆಯನ್ನು ಮಡಿಸಿ ಅವನ ಕೈಗಿಟ್ಟು ಹೇಳಿದರು:

"ಮೂರೇ ಕೆಜಿ ತಪ್ಪಿದೆ ಬಿಡು. ನೀನಿನ್ನೂ ಮಗಳ ಜೊತೆ ಇಲ್ಲೇ ಇದ್ದೀಯಲ್ಲ."