ಕೊಟ್ರೇಶಿಯೂ ಚಿಟಿಕೆ ಸಾಲವೂ

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಹೇಳಲೇಬೇಕಾಗಿ ಬಂದರೆ ಸಣ್ಣದೊಂದು ಹೇಳಿ ಮರ್ಯಾದೆ ಕಳೆದುಕೊಳ್ಳುವವನೂ ಅಲ್ಲ. ಆದರೆ ಇದು ನಿಜ, ಕೂತು ಕೇಳಿ.

ಹರಿಹರದ ಹಳೇ ಬಸ್‌ಸ್ಟ್ಯಾಂಡಿನ ಪಕ್ಕ ಮಂಡಕ್ಕಿ ಮಿರ್ಚಿ ಗಾಡಿ ಇಟ್ಟಿರುವ ಹಾಲವ್ವ ನನ್ನ ತಂಗಿ. ಅವಳಿಗೊಬ್ಬನೇ ಮಗ, ಕೊಟ್ರೇಶಿ. ನಮ್ಮ ಮನೆತನಕ್ಕೆ ದೇವರು ಒಂದು ಕೊಪ್ಪರಿಗೆ ಬುದ್ಧಿ ಕೊಟ್ಟಿದ್ದ. ಮುಕ್ಕಾಲು ನಾನೇ ಕುಡಿದೆ, ಮಿಕ್ಕಿದ್ದು ಹಾಲವ್ವ ಕುಡಿದಳು, ಕೊಟ್ರೇಶಿ ಹುಟ್ಟುವ ಹೊತ್ತಿಗೆ ಕೊಪ್ಪರಿಗೆ ತೊಳೆದು ಬೋರಲು ಹಾಕಿಯಾಗಿತ್ತು. ಆಳು ಮಾತ್ರ ಆನೆ! ಮನಸ್ಸು ಮಾತ್ರ ಬೆಣ್ಣೆ! ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕಷ್ಟ ಇದ್ದದ್ದೇ ಅಲ್ಲಿ.

“ಅಣ್ಣಾ, ಇವನನ್ನ ಕಟ್ಕೊಂಡು ಏನು ಮಾಡ್ಲಿ?” ಎಂದು ಹಾಲವ್ವ ಹಣೆ ಹಣೆ ಬಡಿದುಕೊಳ್ಳುವಳು. “ಹೇಳದಿದ್ರೆ ಸುಮ್ನೆ ಕೂತಿರ್ತಾನೆ. ಹೇಳಿದ್ರೆ ಮಾಡೇಬಿಡ್ತಾನೆ!”

ಅವಳ ಗಾಡಿ ಮುಪ್ಪಾಗಿತ್ತು. ಒಂದು ಚಕ್ರ ತುಂಗಭದ್ರೆಯ ಕಡೆ ಎಳೆದರೆ ಇನ್ನೊಂದು ದಾವಣಗೆರೆ ಕಡೆ ಎಳೆಯುತ್ತಿತ್ತು. ವೆಲ್ಡಿಂಗ್ ಮಕ್ಬೂಲಣ್ಣ ತಗಡಿನ ಸೂರಿನ ಹೊಸ ಗಾಡಿಯೊಂದನ್ನು ಮಾಡಿಟ್ಟು, “ಭಾನುವಾರ ಮಧ್ಯಾಹ್ನದವರೆಗೂ ಕಾಯ್ತೀನಿ ತಂಗಿ. ಆಮೇಲೆ ಪಾನಿಪೂರಿಯವನಿಗೆ ಕೊಟ್ಟುಬಿಡ್ತೀನಿ” ಎಂದಿದ್ದ. ಬ್ಯಾಂಕಿಗೆ ಹೋದರೆ ಆ ಕಾಗದ ತಾ, ಈ ಕಾಗದ ತಾ. ಅಷ್ಟರಲ್ಲಿ ‘ಚಿಟಿಕೆ’ ಎಂಬ ಹೊಸ ಕಂಪನಿಯಿಂದ ಪೃಥ್ವಿ ಎಂಬ ಹುಡುಗ ಸಾಹೇಬ ಬಂದ. ಇಸ್ತ್ರಿ ಅಂಗಿ, ಕೊರಳಲ್ಲಿ ಪಟ್ಟಿ, ಕೈಯಲ್ಲಿ ಚೌಕಳಿ ಗುರುತಿನ ಬೋರ್ಡು.

“ಕಾಗದ ಬೇಡಮ್ಮ. ಗಿರಾಕಿಗಳು ಈ ಬೋರ್ಡಿಗೆ ಫೋನ್ ಹಿಡಿದು ಸ್ಕ್ಯಾನ್ ಮಾಡಿ ದುಡ್ಡು ಹಾಕ್ಲಿ. ವ್ಯಾಪಾರ ನಮ್ಮ ಆ್ಯಪಿಗೆ ಕಂಡ್ರೆ ಸಾಕು, ಚಿಟಿಕೆ ಹೊಡೆಯೋದ್ರೊಳಗೆ ಸಾಲ! ಗಾಡಿ ಮಾಡಿದೋರ ಹೆಸರು ಬರೆಸಿ, ದುಡ್ಡು ನೇರ ಅವರ ಖಾತೆಗೇ!”

ಹೋಗುವಾಗ ಕೊಟ್ರೇಶಿಯ ಬೆನ್ನು ತಟ್ಟಿ, “ಮಂಡಕ್ಕಿ ತಿಂದವರು ಯಾರೇ ಇರ್ಲಿ, ಈ ಬೋರ್ಡು ತೋರಿಸದೆ ಬಿಡಬೇಡಪ್ಪಾ” ಎಂದ.

“ಆಯ್ತು ಸಾರ್!”

ಮಾರನೇ ದಿನ ಹಾಲವ್ವ ಮೆಣಸಿನಕಾಯಿ ತರಲು ಹೋಗಿದ್ದಳು. ಬೀದಿ ಹಸುವೊಂದು ಬಂದು ಮಂಡಕ್ಕಿ ಪುಟ್ಟಿಗೆ ಬಾಯಿ ಹಾಕಿತು. ಕೊಟ್ರೇಶಿ ನೋಡುತ್ತ ನಿಂತ. ಗಿರಾಕಿ ತಾನೇ, ತಿನ್ನಲಿ! ಹಸು ಹೊಟ್ಟೆ ತುಂಬಾ ತಿಂದು ಹೊರಟಿತು. ಇವನು ಬೋರ್ಡು ಕಿತ್ತುಕೊಂಡು ಹಿಂದೆ ಓಡಿದ.

“ಏ, ಸ್ಕ್ಯಾನ್ ಮಾಡು! ಸ್ಕ್ಯಾನ್ ಮಾಡಿ ಹೋಗು!”

ಹಸು ಮುಂದೆ, ಕೊಟ್ರೇಶಿ ಹಿಂದೆ. ಮುಂದೆ ಹಸು, ಹಿಂದೆ ಕೊಟ್ರೇಶಿ. ಪೇಟೆಯೆಲ್ಲ ಸುತ್ತಿ ಸುಸ್ತಾಗಿ ಹಸುವೇ ನಿಂತುಕೊಂಡು, ಪಾಪ, ಬೋರ್ಡನ್ನು ಒಂದು ಸಲ ನೆಕ್ಕಿತು.

“ಅಯ್ಯೋ ನನ್ನ ಕರ್ಮವೇ!” ಹಾಲವ್ವ ಹಣೆ ಬಡಿದುಕೊಂಡಳು. “ಪುಟ್ಟಿ ಮಂಡಕ್ಕಿ ಹೋಯ್ತಲ್ಲೋ!”

“ಯಾರೇ ಇರ್ಲಿ ಅಂತ ಸಾಹೇಬ್ರೇ ಹೇಳಿದ್ರಲ್ಲವ್ವಾ!”

“ಸಾಹೇಬ್ರಿಗೆ ನಿನ್ನ ತಲೆ ಗೊತ್ತಾ? ತಿಂದು, ಸ್ಕ್ಯಾನ್ ಮಾಡದೆ ಹೊರಟ್ರೆ ಕೋಲು ತಗೊಂಡು ಹಚಾ ಹಚಾ ಅಂತ ಓಡಿಸ್ಬೇಕು! ತಿಳೀತಾ?”

“ತಿಳೀತವ್ವಾ!”

ಅವನಿಗೆ ತಿಳಿಯಿತು ಎಂದರೆ ನನಗೆ ಎದೆ ನಡುಗುತ್ತದೆ. ಹುಲಿಯ ಮುಂದೆ ಬೀಡಿ ಹಚ್ಚಿ ಹೊಗೆ ಬಿಟ್ಟವನು ನಾನು, ನನಗೇ!

ವ್ಯಾಪಾರ ಹೇಗಿದೆ ಎಂದು ನೋಡಲು ಪೃಥ್ವಿ ಸಾಹೇಬ ಮತ್ತೆ ಬಂದ. ಹಾಲವ್ವ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಸಾಹೇಬ ಒಂದು ತಟ್ಟೆ ಮಂಡಕ್ಕಿ, ಎರಡು ಮಿರ್ಚಿ ತಿಂದು ದುಡ್ಡು ಹಾಕಲು ಫೋನ್ ತೆಗೆದ. ನೆಟ್‌ವರ್ಕ್ ಇಲ್ಲ. ಫೋನ್ ಎತ್ತಿ ಹಿಡಿದು ಎರಡು ಹೆಜ್ಜೆ ಆಚೆ ಇಟ್ಟ. ಇನ್ನೂ ಎರಡು ಹೆಜ್ಜೆ ಇಟ್ಟ.

ತಿಂದಾಯಿತು. ಸ್ಕ್ಯಾನ್ ಇಲ್ಲ. ಹೊರಟ!

“ಹಚಾ! ಹಚಾ!”

“ಲೋ, ನಾನು ಕಣೋ! ಚಿಟಿಕೆ ಕಣೋ!”

“ಹಚಾ!”

ಸಾಹೇಬ ಕಬ್ಬಿನ ಹಾಲಿನ ಗಾಡಿಯ ಮೇಲೆ ಹತ್ತಿ ನಿಂತ. ಅಲ್ಲಿ ನೆಟ್‌ವರ್ಕ್ ಸಿಕ್ಕಿತು, ಆ ಮಾತು ಬೇರೆ. ಅಲ್ಲಿಂದಲೇ ದುಡ್ಡು ಹಾಕಿ ಜೀವ ಉಳಿಸಿಕೊಂಡ.

ಹಾಲವ್ವ ಕೈಮುಗಿದು, ಸೆರಗೊಡ್ಡಿ, ಹೇಗೋ ಸಮಾಧಾನ ಮಾಡಿ ಕಳಿಸಿದಳು. ಆಮೇಲೆ ಮಗನ ಕಡೆ ತಿರುಗಿದಳು.

“ಸಾಲ ಕೊಡೋರಿಗೆ ಕೋಲಾ? ಹೊಸ ಗಾಡಿ ತಪ್ಪಿದ್ರೆ ನಾವು ಗಾಳಿ ತಿಂದು ಬದುಕೋದಾ?”

“ನೀನೇ ಹೇಳಿದ್ಯಲ್ಲವ್ವಾ!”

“ನನ್ನ ಬಾಯಿಗೆ ಬೆಂಕಿ ಹಾಕ! ಕಂಪನಿಯೋರು, ಬ್ಯಾಂಕ್‌ನೋರು ಅಂತ ಯಾರೇ ಬಂದ್ರೂ ಸ್ಟೂಲ್ ಹಾಕಿ ಕೂರಿಸ್ಬೇಕು. ಮೊದಲು ಬಿಸಿ ಬಿಸಿ ಟೀ ಹುಯ್ಯಬೇಕು. ಆಮೇಲೆ ಅವರು ಕೇಳಿದ್ದಕ್ಕೆ ಉತ್ತರ ಹೇಳ್ಬೇಕು. ತಿಳೀತಾ?”

“ತಿಳೀತವ್ವಾ!”

ಶನಿವಾರ ಹಾಲವ್ವನ ಫೋನ್ ಬಡಿದುಕೊಂಡಿತು. ಅವಳ ಕೈಯೆಲ್ಲ ಕಡಲೆಹಿಟ್ಟು. ಕೊಟ್ರೇಶಿ ಎತ್ತಿದ.

“ನಾವು ಬ್ಯಾಂಕಿಂದ ಮಾತಾಡ್ತಿದೀವಿ. ನಿಮ್ಮ ಖಾತೆ ಬಂದ್ ಆಗ್ತಿದೆ. ಈಗ ಫೋನಿಗೆ ಒಂದು ನಂಬರ್ ಬಂದಿದೆಯಲ್ಲ, ಅದನ್ನ ಬೇಗ ಹೇಳಿ!”

ಬ್ಯಾಂಕೂ ಅಲ್ಲ, ಮಣ್ಣೂ ಅಲ್ಲ. ಆ ನಂಬರ್ ಕೇಳಿಕೊಂಡು ಖಾತೆ ಗುಡಿಸಿ ಸಾರಿಸುವ ಕಳ್ಳ! ಕೊಟ್ರೇಶಿಗೆ ಇದೆಲ್ಲ ಏನು ಗೊತ್ತು?

“ಬ್ಯಾಂಕ್ ಸಾಹೇಬ್ರಾ? ಬನ್ನಿ, ಕೂತ್ಕಳಿ!” ಎಂದು ಸ್ಟೂಲ್ ಒರೆಸಿ ಫೋನನ್ನು ಅದರ ಮೇಲೆ ಕೂರಿಸಿದ. “ಟೀ ಕುಡೀರಿ.”

“ಟೀ ಬೇಡ, ನಂಬರ್ ಹೇಳು!”

“ಮೊದಲು ಟೀ.”

“ಲೇ, ನಂಬರ್ ಹೇಳೋ!”

“ಅವ್ವ ಬೈತಾಳೆ ಸಾರ್. ಮೊದಲು ಟೀ!”

ಹುಯ್ದ. ಬಿಸಿ ಬಿಸಿಯಾಗಿಯೇ ಹುಯ್ದ. ಗುಳುಗುಳು ಗುಳುಗುಳು! ಫೋನ್ ಒಂದು ಸಲ ಕೆಮ್ಮಿ ಕಣ್ಣು ಮುಚ್ಚಿತು. ಆ ಕಳ್ಳ ಇದ್ದ ಊರಲ್ಲೇ ಅವನ ನಾಲಿಗೆ ಸುಟ್ಟಿತಂತೆ, ಆವತ್ತಿಂದ ಕಸುಬು ಬಿಟ್ಟನಂತೆ. ಈ ಸುದ್ದಿಯನ್ನು ಹಬ್ಬಿಸಿದ್ದು ನಾನೇ, ಹಾಗಾಗಿ ಅನುಮಾನ ಬೇಡ.

ಹಾಲವ್ವ ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡಳು.

“ಫೋನಿಗೆ ಟೀ ಹುಯ್ತಾರೇನೋ! ಕಂಪನಿಯೋರು ಅದರಲ್ಲೇ ತಾನೇ ಸುದ್ದಿ ಕಳಿಸೋದು!”

“ನೀನೇ ಹೇಳಿದ್ಯಲ್ಲವ್ವಾ!”

“ಬಾಯಿ ಮುಚ್ಚು! ಒದ್ದೆಯಾಯ್ತಾ, ತಕ್ಷಣ ಅಕ್ಕಿ ಒಳಗೆ ಹೂತಿಡ್ಬೇಕು. ಅಕ್ಕಿ ಇಲ್ಲಾಂದ್ರೆ ಮಂಡಕ್ಕಿ ಒಳಗೆ! ಪೂರ್ತಿ ಒಣಗೋವರೆಗೂ ಹೊರಗೆ ತೆಗೀಬಾರ್ದು. ತಿಳೀತಾ?”

“ತಿಳೀತವ್ವಾ!”

ಫೋನನ್ನು ಮಂಡಕ್ಕಿ ಚೀಲದಲ್ಲಿ ಹೂತರು. ಸಂಜೆ ಹೊತ್ತಿಗೆ ಚೀಲದೊಳಗಿಂದ ‘ಟಿಣಿಂಗ್’ ಎಂದು ಸದ್ದಾಯಿತು. ಫೋನ್ ಬದುಕಿತ್ತು! ಸಂದೇಶವೂ ಬಂದಿತ್ತು: ‘ಭಾನುವಾರ ಬೆಳಗ್ಗೆ ನಿಮ್ಮ ಅಂಗಡಿಯ ಮಾಲಿನ ಫೋಟೋ ತೆಗೆಯಲು ಬರುತ್ತೇವೆ. ಅದೊಂದಾದರೆ ಸಾಲ.’

ಭಾನುವಾರ ಬೆಳಗಾಯಿತು. ಸಾಹೇಬನ ಸುಳಿವಿಲ್ಲ. ಹೊತ್ತು ಏರಿತು, ಮೋಡ ಕವಿಯಿತು. ಹಾಲವ್ವ ಚಡಪಡಿಸಿ, “ಇನ್ನೊಂದು ತಾಸು ಕಾಯಿ ಅಂತ ಮಕ್ಬೂಲಣ್ಣನ ಕಾಲು ಹಿಡೀತೀನಿ. ನೀನು ಇಲ್ಲೇ ಇರು. ಏನೂ ಮಾಡಬೇಡ!” ಎಂದು ಓಡಿದಳು.

ಅವಳು ಅತ್ತ ಹೋದಳು, ಇತ್ತ ಧೋ ಎಂದು ಮಳೆ ಬಿತ್ತು. ಸಾಹೇಬ ಸ್ಕೂಟರಿನಲ್ಲಿ ಬಂದ. ತಲೆಯಿಂದ ಕಾಲಿನವರೆಗೂ ತೊಪ್ಪೆ. ಫೋಟೋ ತೆಗೆಯಲು ಆ್ಯಪ್ ತೆರೆದ ಫೋನೊಂದನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎತ್ತಿ ಹಿಡಿದಿದ್ದ. ಹಲ್ಲು ಕಟಕಟ.

“ಟ... ಟ... ಟವಲ್...”

ಏನೂ ಮಾಡಬೇಡ ಎಂದು ಅವ್ವ ಹೇಳಿದ್ದು ಹೌದು. ಆದರೆ ತಕ್ಷಣ ಹೂತಿಡಬೇಕು ಎಂದದ್ದೂ ಅವ್ವನೇ!

“ಸಾಹೇಬ್ರು ಒದ್ದೆ!” ಎಂದು ಕೂಗಿ ಕೊಟ್ರೇಶಿ ಅವನನ್ನು ಮಗು ಎತ್ತಿದ ಹಾಗೆ ಎತ್ತಿ, ತಾಡಪಾಲಿನಡಿ ಇದ್ದ ಆಳೆತ್ತರದ ಮಂಡಕ್ಕಿ ಚೀಲದೊಳಗೆ ಇಳಿಸಿದ. ಮೇಲಿನಿಂದ ಇನ್ನೊಂದು ಚೀಲ ಸುರಿದ. ಕುತ್ತಿಗೆವರೆಗೂ ಮಂಡಕ್ಕಿ.

“ಬಿಡೋ! ತೆಗಿಯೋ!”

“ಒಣಗಿಲ್ಲ ಸಾರ್!”

“ಉಸಿರು ಕಟ್ತದೆ ಕಣೋ!”

“ಫೋನೂ ಬದುಕ್ತು ಸಾರ್, ನೀವೂ ಬದುಕ್ತೀರಿ!”

ಸಾಹೇಬ ಒದ್ದಾಡಿದ, ಕೈ ಬೀಸಿದ. ಬೀಸಿದ ಕೈಯಲ್ಲಿದ್ದ ಫೋನ್ ‘ಚಕ್’ ಎಂದಿತು. ಫೋಟೋ ತಾನಾಗಿಯೇ ಕಂಪನಿಗೆ ಹೋಯಿತು.

ಅಷ್ಟರಲ್ಲಿ ಹಾಲವ್ವ ಬಂದಳು. ಚೀಲದ ಮೇಲೆ ಸಾಹೇಬನ ತಲೆ! ಅವಳು ಹಣೆ ಬಡಿದುಕೊಳ್ಳುವುದನ್ನೂ ಮರೆತು, “ಮುಗೀತು! ಗಾಡಿ ಹೋಯ್ತು!” ಎಂದು ನೆಲಕ್ಕೆ ಕುಸಿದಳು.

ಟಿಣಿಂಗ್! ಸಾಹೇಬ ಫೋನ್ ನೋಡಿದ. ಕಣ್ಣುಜ್ಜಿ ಮತ್ತೊಮ್ಮೆ ನೋಡಿದ.

“ಮಾಲು, ಆಳು ಮುಳುಗುವಷ್ಟು. ಸಾಲ ಮಂಜೂರು. ದುಡ್ಡು ನೇರ ಮಕ್ಬೂಲಣ್ಣನ ಖಾತೆಗೆ ಜಮಾ,” ಎಂದು ಓದಿದ. “ನಾನು ಬೇಡ ಅಂದ್ರೂ ನಡೆಯಲ್ಲಮ್ಮ. ನಮ್ಮಲ್ಲಿ ತೀರ್ಮಾನ ಮಾಡೋದು ಮೆಷಿನ್ನು.”

ಕೊಟ್ರೇಶಿ ಅವನ ಕೂದಲು ಮುಟ್ಟಿ ನೋಡಿ, “ಒಣಗಿದಾರೆ!” ಎಂದು ಎತ್ತಿ ನೆಲಕ್ಕಿಳಿಸಿದ. ನಡುಕ ಬಿಟ್ಟಿತ್ತು, ಶೀತವೂ ಬಿಟ್ಟಿತ್ತು. ಸಾಹೇಬ ಜೇಬಿನಿಂದ ಒಂದು ಹಿಡಿ ಮಂಡಕ್ಕಿ ತೆಗೆದು ಬಾಯಿಗೆ ಹಾಕಿಕೊಂಡು ನಕ್ಕೇಬಿಟ್ಟ.

ಹಾಲವ್ವನ ಕಣ್ಣಲ್ಲಿ ದಳದಳ ನೀರು. “ಕೊಟ್ರಾ, ಇವರು ಮನುಷ್ಯರಲ್ಲ ಕಣೋ, ನಮ್ಮ ಪಾಲಿನ ದೇವರು! ದೇವರಿಗೆ ಹೆಂಗೆ ಮಾಡ್ತೀವೋ ಹಂಗೆ ಮಾಡಿ ಕಳಿಸು!”

“ಆಯ್ತವ್ವಾ!”

ಕೊಟ್ರೇಶಿ ಅತ್ತ ಇತ್ತ ನೋಡಿದ. ತಣ್ಣೀರು ತುಂಬಿದ ಕೊಡ ಕಂಡಿತು. ಎರಡೂ ಕೈಯಲ್ಲಿ ಎತ್ತಿ, ಭಕ್ತಿಯಿಂದ ಕಣ್ಣು ಮುಚ್ಚಿ, ಸಾಹೇಬನ ನೆತ್ತಿಯ ಮೇಲೆ ದಬದಬ ಅಭಿಷೇಕ ಮಾಡಿದ. ಕಣ್ಣು ಬಿಟ್ಟು ನೋಡಿದ.

“ಯವ್ವಾ, ದೇವರು ಒದ್ದೆಯಾಯ್ತು!” ಎಂದವನೇ ಸಾಹೇಬನನ್ನು ಕಂಕುಳಲ್ಲಿ ಅವುಚಿಕೊಂಡು ಇನ್ನೊಂದು ಮಂಡಕ್ಕಿ ಚೀಲದ ಬಾಯಿ ಬಿಚ್ಚಿದ.